ಉಸ್ತಾದನ ಪಾಠಶಾಲೆ

ಪೇಟೆಯ ಮನೆಗಳಲ್ಲಿ ಮಗನೋ ಮಗಳೋ ಕಾರು ಕಲಿಯುವುದೆಂದರೆ ಒಂದು ಸಣ್ಣ ಸಂಭ್ರಮವೇ ಸರಿ. ಒಳ್ಳೆಯ ಶಾಲೆಯ ಆಯ್ಕೆ, ಬೆಳಗಿನ ನಿರ್ಜನ ಬೀದಿ, ಪಕ್ಕದಲ್ಲಿ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಕುಳಿತ ಶಿಕ್ಷಕ! ಪುಟ್ಟ ಕಾರೊಂದಕ್ಕೆ ಇಷ್ಟೆಲ್ಲ ಎಚ್ಚರಿಕೆ. ಆದರೆ ನಾವು ಉಣ್ಣುವ ಅಕ್ಕಿಯನ್ನು ಹೊತ್ತು ತರುವ ಲಾರಿಯನ್ನು ನಡೆಸುವವನಿಗೆ ಆ ವಿದ್ಯೆಯನ್ನು ಕಲಿಸಿದವರಾರೆಂದು ನಾವು ಎಂದಾದರೂ ಕೇಳಿದ್ದೇವೆಯೆ?

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನು ನೋಡಿ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ನೀರು ಬಂದಲ್ಲಿ ಭತ್ತ ಬಂತು. ಭತ್ತ ಬಂದಲ್ಲಿ ಅಕ್ಕಿಯ ಗಿರಣಿ ಬಂತು. ಗಿರಣಿಯ ಹಿಂದೆಯೇ ಲಾರಿ ಬಂತು. ಇದಲ್ಲದೆ ರಾಯಚೂರಿನ ಮಾರುಕಟ್ಟೆಗೆ ಹತ್ತಿ, ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹಾರುಬೂದಿ. ಇಷ್ಟು ಸರಕನ್ನು ಸಾಗಿಸಲು ಚಾಲಕರು ಬೇಕು. ಅವರಲ್ಲಿ ಬಹುಮಂದಿ ತಯಾರಾಗುವುದು ಲಾರಿಯ ಎಡಬದಿಯ ಆಸನದಲ್ಲಿ. ಅಲ್ಲಿ ಕುಳಿತವನು ಕ್ಲೀನರ್. ಸ್ಟಿಯರಿಂಗ್ ಹಿಡಿದವನು ಅವನ ಉಸ್ತಾದ್.

ಈ ಗುರುಕುಲವನ್ನು ಹೀಗಳೆಯುವಂತಿಲ್ಲ. ಟೈರಿನ ಮೇಲೆ ಬಡಿದು ಸದ್ದಿನಿಂದಲೇ ಗಾಳಿಯ ಮಟ್ಟವನ್ನು ಅರಿಯುವುದು, ತಾಡಪತ್ರಿಯನ್ನು ಎಳೆದು ಹಗ್ಗ ಬಿಗಿಯುವುದು, ಇಕ್ಕಟ್ಟಿನ ಗೋದಾಮಿನೊಳಗೆ ಲಾರಿಯನ್ನು ಹಿಂದಕ್ಕೆ ನಡೆಸುವುದು, ಇವು ಯಾವ ಪುಸ್ತಕದಿಂದಲೂ ಬರುವ ವಿದ್ಯೆಗಳಲ್ಲ. ಆದರೆ ಈ ಶಾಲೆಗೆ ಪಠ್ಯಕ್ರಮವಿಲ್ಲ. ಉಸ್ತಾದನಿಗೆ ಗೊತ್ತಿರುವುದಷ್ಟೇ ಪಾಠ. ಅವನ ಕೆಟ್ಟ ಚಾಳಿಯೂ ಪಾಠವೇ!

ಒಂದು ಉದಾಹರಣೆ ಸಾಕು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಳ್ಳುವ ಚಾಳಿಯುಂಟು. ಆಗ ಇಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇಂಜಿನ್ನನ್ನೇ ಆರಿಸಿಬಿಟ್ಟರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಇನ್ನು, ಹುಡುಗನಿಗೆ ಸ್ಟಿಯರಿಂಗ್ ಸಿಗುವುದು ಹೆಚ್ಚಾಗಿ ಖಾಲಿ ಲಾರಿಯಲ್ಲಿ, ಖಾಲಿ ರಸ್ತೆಯಲ್ಲಿ. ಎತ್ತರಕ್ಕೆ ಹತ್ತಿ ಹೇರಿದ ಲಾರಿ ತಿರುವಿನಲ್ಲಿ ಹೇಗೆ ವಾಲುತ್ತದೆ, ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲುವ ದೂರ ಹೇಗೆ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಆತ ತಿಳಿಯುವುದು, ಹಿಂದೀಪವಿಲ್ಲದ ಟ್ರ್ಯಾಕ್ಟರೋ ರಸ್ತೆಯ ಮೇಲೆ ಒಣಹಾಕಿದ ಭತ್ತದ ರಾಶಿಯೋ ಕತ್ತಲೆಯಲ್ಲಿ ಎದುರಾದಾಗ. ಅದು ಪಾಠದ ಹೊತ್ತಲ್ಲ, ಪರೀಕ್ಷೆಯ ಹೊತ್ತು.

ಕಾನೂನು ಸುಮ್ಮನಿದೆಯೆಂದಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನ ನಡೆಸುವವನಿಗೆ 20 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿ ಪಡೆಯುವ ಮೊದಲು ಲಘು ವಾಹನದ ಪರವಾನಗಿ ಹೊಂದಿ ಒಂದು ವರ್ಷ ಕಳೆದಿರಬೇಕು. 1989ರ ನಿಯಮಗಳು ಚಾಲನಾ ಶಾಲೆಗಳಿಗೆ ಕನಿಷ್ಠ 30 ದಿನಗಳ ತರಬೇತಿಯನ್ನೂ 15 ಗಂಟೆಗಳ ಚಾಲನೆಯನ್ನೂ ವಿಧಿಸಿದವು. 2021ರಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮವು ಭಾರಿ ವಾಹನಕ್ಕೆ 6 ವಾರಗಳಲ್ಲಿ 38 ಗಂಟೆಗಳ ಪಾಠವನ್ನು ಗೊತ್ತುಮಾಡಿತು. ಇದಕ್ಕೆ ಮೊದಲು, 2018ರಲ್ಲಿ, ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಲಾಗಿತ್ತು. ಹೊರೆ ಹೆಚ್ಚಿತು, ಎಡಬದಿಯ ಆಸನದ ಪಾಠ ಮಾತ್ರ ಇದ್ದಲ್ಲೇ ಇದೆ.

ಶಾಲೆಯ ಗಂಟೆಗಳು ಪರವಾನಗಿಗೆ ಸಾಕಾಗಬಹುದು, ಕಸುಬಿಗೆ ಸಾಲವು. ಕಸುಬು ಕಲಿಯುವುದು ಕೆಲಸದಲ್ಲಿಯೇ. ಆದ್ದರಿಂದ ಆ ಕೆಲಸವನ್ನೇ ಶಾಲೆಯಾಗಿಸಬೇಕು. ಕ್ಲೀನರನ ಕೈಯಲ್ಲಿ ಕಲಿಕಾ ಪರವಾನಗಿ, ಲಾರಿಯ ಮೇಲೆ ‘ಎಲ್’ ಫಲಕ, ಪಕ್ಕದಲ್ಲಿ ಪರವಾನಗಿಯುಳ್ಳ ಉಸ್ತಾದ್, ಇಷ್ಟು ಕಾನೂನಿನಲ್ಲೇ ಇದೆ. ಇದರೊಂದಿಗೆ ಮಾಲಿಕರು ಒಂದು ಪುಸ್ತಕ ಇಡಲಿ. ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು, ಖಾಲಿ ಎಷ್ಟು, ಹೊರೆಯೊಂದಿಗೆ ಎಷ್ಟು ಎಂದು ಬರೆದಿಡಲಿ. ಕಲಿಸಿದ ಉಸ್ತಾದನಿಗೆ ಅದಕ್ಕಾಗಿಯೇ ಒಂದಿಷ್ಟು ಸಂಬಳ ಕೊಡಲಿ. ಬಿಟ್ಟಿ ಪಾಠಕ್ಕೆ ಶ್ರದ್ಧೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

“ಕಲಿಸಿದರೆ ನಾಳೆ ಬೇರೆ ಮಾಲಿಕನಲ್ಲಿಗೆ ಹೋಗುತ್ತಾನೆ” ಎಂದು ಮಾಲಿಕರು ಹೇಳಬಹುದು. ಹೋಗಲಿ, ಕಲಿಯದವನು ಉಳಿದರೆ ಲಾಭವೇನು? ಒಂದು ಪಲ್ಟಿಯಲ್ಲಿ ಹೋಗುವ ಸರಕಿನ ಬೆಲೆಯೊಡನೆ ಈ ಖರ್ಚನ್ನು ತೂಗಿ ನೋಡಲಿ. ಇನ್ನೂ ಚಿಂತೆಯ ಸಂಗತಿಯೆಂದರೆ, ಸಂಬಳ ಉಳಿಸಲೆಂದು ಈಗ ಎಷ್ಟೋ ಲಾರಿಗಳು ಕ್ಲೀನರನಿಲ್ಲದೆಯೇ ಓಡುತ್ತಿವೆ. ಹಳೆಯ ಗುರುಕುಲ ಮುಚ್ಚುತ್ತಿದೆ. ಅದರ ಜಾಗಕ್ಕೆ ಹೊಸದು ಇನ್ನೂ ಬಂದಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ರಾಯಚೂರಿನ ಬಿಸಿಲನ್ನು ಬಲ್ಲವರಾರೂ ಇದನ್ನು ಭೋಗವೆನ್ನಲಾರರು. ಕ್ಯಾಬಿನ್ನಿಗೆ ದೊರೆತ ಕಾಳಜಿ ಅದರೊಳಗಿನ ಹುಡುಗನ ವಿದ್ಯೆಗೂ ದೊರೆಯಬೇಡವೆ? ದೇವದುರ್ಗದ ಯಾವುದೋ ಮನೆಯಲ್ಲಿ ಅವನ ತಾಯಿ ರಾತ್ರಿ ಬಾಗಿಲ ಕಡೆ ಕಿವಿಗೊಟ್ಟು ಮಲಗಿರುತ್ತಾಳೆ. ಅದೇ ರಸ್ತೆಯಲ್ಲಿ ನಮ್ಮ ನಿಮ್ಮ ಮಕ್ಕಳೂ ಬಸ್ಸಿನಲ್ಲಿ ನಿದ್ರಿಸುತ್ತಿರುತ್ತಾರೆ.