ನೆಲ ಉಳಿಯಬೇಕಾದರೆ ಮನೆಯ ಲೆಕ್ಕ ಉಳಿಯಬೇಕು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಲ್ಲಿ ಹೂಡಿದ ಧರಣಿ ಮೂರು ವರ್ಷಗಳಿಗೂ ಮೀರಿ ನಡೆಯಿತು. ಅಲ್ಲಿನ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಕ್ರಿಯೆಯನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು 2025ರ ಜುಲೈ 15ರಂದು ಪ್ರಕಟಿಸಿದರು. ಪರಿಸರ ಚಳವಳಿಯಲ್ಲಿರುವ ನಮಗೆಲ್ಲ ಅದು ಸಂತಸದ ದಿನ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಸ್ವಇಚ್ಛೆಯಿಂದ ಭೂಮಿ ಕೊಡಲು ಮುಂದೆ ಬರುವ ರೈತರಿಂದ ಸರ್ಕಾರ ಅದನ್ನು ಪಡೆದುಕೊಳ್ಳುವುದು ಎಂಬುದೇ ಆ ಮಾತು.

ಈ ‘ಸ್ವಇಚ್ಛೆ’ ಎಂಬ ಪದವನ್ನು ನಾವು ಸ್ವಲ್ಪ ನಿಂತು ನೋಡಬೇಕು. ಕೊರಳ ಮಟ್ಟಕ್ಕೆ ಸಾಲವಿರುವ ಮನೆಯ ಯಜಮಾನನ ಇಚ್ಛೆ ಎಷ್ಟರ ಮಟ್ಟಿಗೆ ಅವನ ಸ್ವಂತದ್ದು? 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಮುಖ್ಯ ತಡೆಗಳು ತೆರವಾದವು. ಕೊಳ್ಳುವವರು ಊರ ಬಾಗಿಲಲ್ಲಿಯೇ ನಿಂತಿದ್ದಾರೆ. ಧರಣಿ ಕುಳಿತು ಉಳಿಸಿಕೊಂಡ ನೆಲವನ್ನು ಕಂತು ಕಟ್ಟಲಾರದೆ ಮಾರಿಕೊಂಡರೆ ಗೆದ್ದವರು ಯಾರು? ಆದುದರಿಂದ ಮಿತವ್ಯಯವೆಂಬುದು ಕೇವಲ ಗೃಹಕೃತ್ಯದ ವಿಷಯವಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ಅದು ನೆಲ ಉಳಿಸುವ ಹೋರಾಟದ ಮೊದಲ ಪಾಠ ಎಂಬುದು ನಮ್ಮ ವಾದ.

ಹಗೇವಿನ ಪಾಠ

ಮಿತವ್ಯಯವನ್ನು ಹೊರಗಿನಿಂದ ಕಲಿಯಬೇಕಾದ ಜನ ನಾವಲ್ಲ. ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾದಿಟ್ಟ ಸೀಮೆ ಇದು. ಬೇರೆ ಧಾನ್ಯಗಳಂತೆ ರಾಗಿ ಬೇಗನೆ ಹುಳು ಹಿಡಿಯುವುದಿಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ಬ್ಯಾಂಕ್ ಇಲ್ಲದ ಕಾಲದಲ್ಲಿ ಹಗೇವೇ ಊರಿನ ಠೇವಣಿಯಾಗಿತ್ತು.

ರಾಗಿ ಹೊಲದ ಅಕ್ಕಡಿ ಸಾಲುಗಳನ್ನು ನೆನೆಯಿರಿ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು, ಜೋಳ ಎಲ್ಲವೂ ಒಂದೇ ಹೊಲದಲ್ಲಿ. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೂ ದೀಪಕ್ಕೂ ಎಣ್ಣೆ, ದನಕ್ಕೆ ಹುಲ್ಲು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಆ ಹೊಲದಲ್ಲಿ ನೀಲಗಿರಿ ನೆಟ್ಟ ಮನೆಗೆ ಹಲವು ವರ್ಷಕ್ಕೊಮ್ಮೆ ಒಂದು ಇಡಿಗಂಟು ಬಂತು ನಿಜ. ಆದರೆ ಆ ನಡುವಿನ ಪ್ರತಿಯೊಂದು ಊಟಕ್ಕೂ ರೊಕ್ಕ ಹುಡುಕುವ ಸ್ಥಿತಿಯೂ ಬಂತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಕಳೆದುಹೋದ ಅಕ್ಕಡಿಯನ್ನು ಮರಳಿ ತರಬೇಕಾದವರು ಮಾತ್ರ ನಾವೇ.

ನಮ್ಮ ಅಡುಗೆಮನೆಯೂ ಇದೇ ಪಾಠವನ್ನು ಹೇಳುತ್ತದೆ. ಸೊಪ್ಪು ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡಿ, ಬಸಿದುಳಿದುದನ್ನು ಪಲ್ಯ ಮಾಡಿದ ತಾಯಂದಿರಿಗೆ ‘ಪೋಷಕಾಂಶದ ನಷ್ಟ’ ಎಂಬ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೇಲಿ ಬದುಗಳ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆಗಳಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಇಂದು ಬೆರಕೆ ಸೊಪ್ಪನ್ನು ಗುರುತಿಸಬಲ್ಲ ವಿದ್ಯಾರ್ಥಿಗಳೆಷ್ಟು ಮಂದಿ? ಆ ಅರಿವು ಅಳಿದ ದಿನ ಮನೆಯ ಖರ್ಚಿನಲ್ಲಿ ಒಂದು ಹೊಸ ಬಾಬ್ತು ಸೇರಿತೆಂದೇ ತಿಳಿಯಬೇಕು.

ಬಡ್ಡಿಯ ಲೆಕ್ಕ ತಿಳಿಯೋಣ

ಉಳಿತಾಯದ ಮೊದಲ ಶತ್ರು ದುಂದುವೆಚ್ಚವೆಂದು ಹೇಳುವುದು ರೂಢಿ. ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ದೊಡ್ಡ ಶತ್ರು ತಿಳಿಯದ ಬಡ್ಡಿ. ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಮೂರು ರೂಪಾಯಿ, ಅಂದರೆ ವರ್ಷಕ್ಕೆ ಶೇ. 36. ‘ನೂರಕ್ಕೆ ಐದು’ ಎಂದರೆ ಶೇ. 60. ಯಾವ ಬೆಳೆ ಅಷ್ಟು ಲಾಭ ಕೊಟ್ಟೀತು?

ಕಂತಿನ ಸಾಲದ ಲೆಕ್ಕ ಇನ್ನೂ ಸೂಕ್ಷ್ಮ. 12,000 ರೂಪಾಯಿ ಸಾಲವನ್ನು ಶೇ. 12ರ ಬಡ್ಡಿಯಲ್ಲಿ ಹನ್ನೆರಡು ತಿಂಗಳ ಕಂತಿಗೆ ಕೊಟ್ಟರೆಂದು ಇಟ್ಟುಕೊಳ್ಳಿ. ಬಡ್ಡಿ 1,440 ರೂಪಾಯಿ. ತಿಂಗಳಿಗೆ ಅಸಲು 1,000, ಬಡ್ಡಿ 120. ನೋಡಲು ಸಲೀಸು. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆಯೇ ನಿಂತಿರುತ್ತದೆ. ಕೊನೆಯ ತಿಂಗಳು ನಮ್ಮ ಕೈಯಲ್ಲಿರುವ ಸಾಲ ಬರಿಯ 1,000. ಬಡ್ಡಿ ಅದೇ 120. ವರ್ಷದುದ್ದಕ್ಕೂ ಸರಾಸರಿ ನಮ್ಮ ಬಳಿ ಇದ್ದ ಹಣ 6,500 ರೂಪಾಯಿ ಮಾತ್ರ. ಆ ಲೆಕ್ಕದಲ್ಲಿ ನಿಜವಾದ ಬಡ್ಡಿ ಶೇ. 22ರಷ್ಟಾಗುತ್ತದೆ! ಪ್ರೌಢಶಾಲೆಯ ಮಕ್ಕಳು ಈ ಗಣಿತವನ್ನು ತಮ್ಮ ಮನೆಯ ಸಾಲದ ಪುಸ್ತಕ ಹಿಡಿದು ಮಾಡಲಿ. ತಾಯಂದಿರು ಪಕ್ಕದಲ್ಲಿ ಕುಳಿತು ಕೇಳಲಿ.

ಕಾನೂನಿನ ಆಸರೆಯೂ ಇದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಿರುಸಾಲದ ಸಂಸ್ಥೆಗಳು ಬಡ್ಡಿ, ಶುಲ್ಕಗಳನ್ನೆಲ್ಲ ತೋರಿಸುವ ಮಾಹಿತಿ ಪತ್ರ ಕೊಡಬೇಕು. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬಲವಂತದ ವಸೂಲಿಯನ್ನು ಶಿಕ್ಷಾರ್ಹವಾಗಿಸುವ ಸುಗ್ರೀವಾಜ್ಞೆಯನ್ನು ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ತಂದಿತು; ಅನಂತರ ಅದು ಕಾಯ್ದೆಯಾಯಿತು. ಆದರೆ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವ ಸುಳಿಯಿಂದ ಯಾವ ಕಾಯ್ದೆಯೂ ನಮ್ಮನ್ನು ಮೇಲೆತ್ತಲಾರದು.

ಎಲ್ಲಿಂದ ಆರಂಭ?

ಮೊದಲು ಒಂದು ನೋಟ್‌ಬುಕ್. ಒಂದು ತಿಂಗಳು ಒಂದೊಂದು ರೂಪಾಯಿಯ ಖರ್ಚನ್ನೂ ಬರೆಯಿರಿ. ದಿನಕ್ಕೆ 40 ರೂಪಾಯಿಯ ಗುಟ್ಕಾ, ಬೀಡಿ, ಬಾಟಲಿ ಪಾನೀಯವೆಂದರೆ ವರ್ಷಕ್ಕೆ 14,600 ರೂಪಾಯಿ. ಬರೆದಾಗಲೇ ಅದು ಕಣ್ಣಿಗೆ ಬೀಳುವುದು.

ಎರಡನೆಯದು, ಖರ್ಚು ಕಳೆದು ಉಳಿದುದನ್ನು ಕೂಡಿಡುವ ಬದಲು, ಕೂಡಿಟ್ಟು ಉಳಿದುದನ್ನು ಖರ್ಚು ಮಾಡುವುದು. ಡೇರಿಯ ಹಾಲಿನ ಬಟವಾಡೆಯ ದಿನವೇ, ಗೃಹಲಕ್ಷ್ಮಿಯ 2,000 ಬಂದ ದಿನವೇ ಒಂದು ಪಾಲು ಬೇರೆಯಾಗಲಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಆವರ್ತ ಠೇವಣಿ ತೆರೆಯಬಹುದು. ನೋಂದಣಿಯಿಲ್ಲದ ಚೀಟಿಗೆ ಮಾತ್ರ ಗಂಟು ಒಪ್ಪಿಸಬೇಡಿ.

ಮೂರನೆಯದು, ಮನೆಯ ಸುತ್ತಲಿನ ಸಂಪತ್ತು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುವ ನಮ್ಮಲ್ಲಿ 50 ಚದರ ಮೀಟರ್ ಮಾಡು 40,000 ಲೀಟರ್ ಹಿಡಿಯುತ್ತದೆ. ಐದನೆಯ ಒಂದು ಪಾಲು ಪೋಲಾದರೂ 32,000 ಲೀಟರ್ ಉಳಿದೀತು. ಐದು ಜನರ ಕುಡಿಯುವ, ಅಡುಗೆಯ ನೀರಿಗೆ ದಿನಕ್ಕೆ 40 ಲೀಟರ್ ಎಂದರೆ ವರ್ಷಕ್ಕೆ 14,600 ಲೀಟರ್ ಸಾಕು. ಸಾವಿರ ಅಡಿ ಕೊರೆದರೂ ಧೂಳೇ ಬರುವ ಕೊಳವೆಬಾವಿಗೆ ಸಾಲ ಮಾಡುವ ಮುನ್ನ ಮೇಲಿನ ಮಾಡನ್ನೊಮ್ಮೆ ನೋಡಬಾರದೇ? ಒಲೆಯ ವಿಷಯವೂ ಹೀಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಸೌದೆಯನ್ನೂ ಉಳಿಸಿತು, ಹೊಗೆಯನ್ನೂ ಮನೆಯಿಂದಾಚೆ ಕಳಿಸಿತು. ಮಾಕಳಿದುರ್ಗ, ಶಿವಗಂಗೆಯ ತಪ್ಪಲಿನಲ್ಲಿ ಇಂದಿಗೂ ನೀರು ಕಾಯಿಸುವ ಹಂಡೆ ಸೌದೆಯನ್ನೇ ಬೇಡುತ್ತದೆ. ಅಲ್ಲಿ ಉಳಿದ ಪ್ರತಿ ಹೊರೆಯೂ ಬೆಟ್ಟದ ಮೇಲಿನ ಮರವೇ.

ನಾಲ್ಕನೆಯದು ಮದುವೆ. ಒಂದು ದಿನದ ಛತ್ರ, ಊಟ, ಬ್ಯಾನರುಗಳಿಗಾಗಿ ಹತ್ತು ವರ್ಷದ ಸಾಲ ಹೊರುವುದು ಮರ್ಯಾದೆಯೇ? ಕುವೆಂಪು ಅವರು ಮಂತ್ರಮಾಂಗಲ್ಯದ ಸರಳ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ನುಡಿದುದನ್ನು ಮನೆಯಲ್ಲಿ ನಡೆಸಿ ತೋರಿಸಿದ ಆ ಮಾದರಿ ನಮ್ಮ ವಿದ್ಯಾವಂತ ಯುವಜನರಿಗೆ ಇಂದಿಗೂ ಸವಾಲು.

ಬಡವರಿಗೇ ಉಪದೇಶವೇ?

ಈ ಪ್ರಶ್ನೆ ನ್ಯಾಯವಾದದ್ದು. ರಾಗಿಗೆ ತಕ್ಕ ಬೆಲೆ ಇಲ್ಲದಾಗ, ಆಸ್ಪತ್ರೆಯ ಒಂದು ಬಿಲ್ಲು ವರ್ಷದ ಉಳಿತಾಯವನ್ನು ನುಂಗುವಾಗ ‘ಖರ್ಚು ಕಡಿಮೆ ಮಾಡಿ’ ಎನ್ನುವುದು ಕ್ರೂರವಾಗಬಹುದು. ಮಿತವ್ಯಯವು ನ್ಯಾಯಬೆಲೆಗೆ, ಒಳ್ಳೆಯ ಸರ್ಕಾರಿ ಶಾಲೆಗೆ, ಆಸ್ಪತ್ರೆಗೆ ಬದಲಿಯಲ್ಲ. ಅವುಗಳಿಗಾಗಿ ಹೋರಾಟ ನಡೆಯಲೇಬೇಕು. ಅಲ್ಲದೆ ಉಳಿತಾಯದ ಹೊರೆ ಹೆಣ್ಣುಮಕ್ಕಳ ತಟ್ಟೆಯ ಮೇಲೆ ಬೀಳಬಾರದು. ಗಂಡಸಿನ ಕುಡಿತಕ್ಕೆ ಕೈ ಹಾಕದೆ ಮಗಳ ಹಾಲಿಗೆ, ಪುಸ್ತಕಕ್ಕೆ ಕತ್ತರಿ ಹಾಕುವುದು ಮಿತವ್ಯಯವಲ್ಲ, ಅನ್ಯಾಯ.

ಆದರೂ ನಾವು ಮಿತವ್ಯಯದ ಮಾತನ್ನು ಬಿಡುವುದಿಲ್ಲ. ಏಕೆಂದರೆ ಹೋರಾಡುವುದಕ್ಕೂ ಮನೆಯಲ್ಲಿ ಆರು ತಿಂಗಳ ರಾಗಿ ಬೇಕು. ಧರಣಿಯ ಪ್ರತಿದಿನವೂ ಮನೆಯ ಒಲೆ ಉರಿಯಲೇಬೇಕಲ್ಲವೇ? ನಾಳೆಯ ಕಂತಿಗೆ ಅಂಜದ ಮನೆ ಮಾತ್ರ ದಲ್ಲಾಳಿಗೆ ‘ಇಲ್ಲ’ ಎನ್ನಬಲ್ಲದು.

ಒಬ್ಬೊಬ್ಬರಿಂದ ಆಗದ್ದು ಕೂಡಿದರೆ ಆದೀತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಹಕಾರ ಸಂಘ ಕಟ್ಟಿದರು. ಎಂಬತ್ತರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ಇದೇ ನಾಡಿನಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿದವು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳೊಡನೆ ಜೋಡಿಸತೊಡಗಿತು. ಆ ಗುಂಪುಗಳ ಮೂಲ ಗುಣ ಉಳಿತಾಯ, ಸಾಲ ಆಮೇಲಿನದು. ಇಂದು ಅನೇಕ ಕಡೆ ‘ಸಂಘ’ವೆಂದರೆ ಸಾಲ ಕೊಡುವ ಜಾಗವೆಂದೇ ಆಗಿದೆ. ಆ ಕ್ರಮವನ್ನು ಮತ್ತೆ ತಿರುವಿ ಸರಿಪಡಿಸಬೇಕು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದರು ಹಿರಿಯರು. ಈ ತಿಂಗಳ ಸಂಘದ ಸಭೆಯಲ್ಲಿ ಪ್ರತಿ ಮನೆಯೂ ತನ್ನ ಸಾಲವೆಷ್ಟು, ಬಡ್ಡಿಯೆಷ್ಟು, ಎಂದಿಗೆ ತೀರುವುದು ಎಂಬ ಮೂರು ಸಾಲುಗಳನ್ನು ಬರೆದು ತರಲಿ. ಲೆಕ್ಕ ಮಾಡಿಕೊಡಲು ಊರಿನ ವಿದ್ಯಾರ್ಥಿಗಳು ಮುಂದೆ ಬರಲಿ.