ಕಿರುಚಿದರೆ ತಪ್ಪೇನು?

ರಾಕ್ ಸಂಗೀತವೆಂದರೆ ನಮ್ಮ ಕಡೆ ಸುಸಂಸ್ಕೃತರೆನಿಸಿಕೊಂಡವರಿಗೆಲ್ಲ ಒಂದೇ ಅಭಿಪ್ರಾಯ. ಅದು ಗದ್ದಲ, ಪಡ್ಡೆ ಹುಡುಗರ ಪುಂಡಾಟ, ಕಿವಿಗೂ ಕೇಡು, ಬುದ್ಧಿಗೂ ಕೇಡು. ಅದನ್ನೇ ಹೆಣ್ಣೊಬ್ಬಳು ಹಾಡಿದಳೋ, ಮುಗಿದೇ ಹೋಯಿತು. "ಹೆಣ್ಣಾಗಿ ಹೀಗೆ ಕಿರುಚುವುದೇ?" ಎಂದು ಮೂಗಿನ ಮೇಲೆ ಬೆರಳಿಡುತ್ತಾರೆ. ಇನ್ನು ಐವತ್ತು ದಾಟಿದ ಟೀಚರೊಬ್ಬಳು ಆಸ್ಟ್ರೇಲಿಯಾದ ಹುಡುಗಿಯರ ರಾಕ್ ಆಲ್ಬಂಗಳನ್ನು ಕೇಳುತ್ತಾಳೆಂದರೆ ಸ್ಟಾಫ್ ರೂಮಿನಲ್ಲಿ ಮುಸಿಮುಸಿ ನಗೆ. "ಮೇಡಂ, ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕಾ?" ಎಂದು ನಯವಾಗಿಯೇ ಕೇಳುತ್ತಾರೆ. ಬೇಕು ಎಂಬುದೇ ನನ್ನ ಉತ್ತರ. ಏಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗದ್ದಲ ಎಂದು ದೂರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಹಾಡು ಏನು ಹೇಳುತ್ತಿದೆ ಎಂದು ಕಿವಿಗೊಟ್ಟವರಲ್ಲ. ಮೆಲ್ಬರ್ನಿನ ಕೋರ್ಟ್ನಿ ಬಾರ್ನೆಟ್ ಎಂಬ ಗಾಯಕಿಯ ಮೊದಲ ಪೂರ್ಣ ಆಲ್ಬಂ ಬಂದದ್ದು 2015ರಲ್ಲಿ. ಅದರ ಉದ್ದನೆಯ ಹೆಸರಿನ ಅರ್ಥ, ಕೆಲವೊಮ್ಮೆ ಕೂತು ಯೋಚಿಸುತ್ತೇನೆ, ಕೆಲವೊಮ್ಮೆ ಸುಮ್ಮನೆ ಕೂರುತ್ತೇನೆ ಎಂದು. ಮಧ್ಯಾಹ್ನದ ಹೊತ್ತು ಅಡುಗೆಮನೆ ಕೆಲಸ ಮುಗಿಸಿ ಕಿಟಕಿಯ ಪಕ್ಕ ಕೂತ ಯಾವ ಗೃಹಿಣಿಗೆ ಈ ಹೆಸರು ಅರ್ಥವಾಗುವುದಿಲ್ಲ ಹೇಳಿ! ಅದರಲ್ಲಿ 'ಡಿಪ್ರೆಸ್ಟನ್' ಎಂಬ ಹಾಡಿದೆ. ಪ್ರೆಸ್ಟನ್ ಎಂಬುದು ಮೆಲ್ಬರ್ನಿನ ಒಂದು ಬಡಾವಣೆ. ನಗರದ ಒಳಗೆ ಕೈಗೆಟುಕದ ಬೆಲೆಯಾದ್ದರಿಂದ ಒಂದು ಜೋಡಿ ಅಲ್ಲಿಗೆ ಮನೆ ನೋಡಲು ಹೋಗುತ್ತದೆ. ಮಾರಾಟಕ್ಕಿರುವುದು ತೀರಿಕೊಂಡವರೊಬ್ಬರ ಮನೆ. ಬಚ್ಚಲಲ್ಲಿ ಮುದಿಜೀವ ಹಿಡಿದುಕೊಳ್ಳಲೆಂದು ಹಾಕಿಸಿದ ಕಂಬಿ, ಅಡುಗೆಮನೆಯಲ್ಲಿ ಕಾಫಿ, ಟೀ, ಹಿಟ್ಟಿನ ಡಬ್ಬಿಗಳು, ವಿಯೆಟ್ನಾಂ ಯುದ್ಧಕ್ಕೆ ಹೋದ ಹುಡುಗನ ಫೋಟೋ. ಅಷ್ಟನ್ನು ನೋಡಿದ ಮೇಲೆ ಹಾಡುವವಳಿಗೆ ಮನೆಯ ನೆಲದ ಹಲಗೆಗಳ ಕಡೆ ಗಮನವೇ ಹೋಗುವುದಿಲ್ಲ. ಇದೇನು ಪುಂಡಾಟವೇ? ಡಬ್ಬಿಗಳ ಸಾಲನ್ನು ಕಂಡು ಒಂದು ಬಾಳುವೆಯನ್ನೇ ಓದಬಲ್ಲ ಕಣ್ಣು ಇದು. ಇದನ್ನು ಹಾಡುವ ದನಿ ಎಲ್ಲಿಯೂ ಏರುವುದಿಲ್ಲ ಎಂಬುದನ್ನೂ ಹೇಳಬೇಕು. ರಾಕ್ ಎಂದರೆ ಬರೀ ಅಬ್ಬರ ಎನ್ನುವವರ ಗಮನಕ್ಕೆ ಬರಲಿ ಎಂದು ಹೇಳಿದೆ.

ಹಾಗಾದರೆ ದನಿ ಏರುವುದು ಯಾವಾಗ? ಇದೇ ಗಾಯಕಿ 2018ರಲ್ಲಿ ತಂದ ಎರಡನೆಯ ಆಲ್ಬಮ್ಮಿನಲ್ಲಿ 'ನೇಮ್‌ಲೆಸ್ ಫೇಸ್‌ಲೆಸ್' ಎಂಬ ಹಾಡಿದೆ. ಹೆಸರಿಲ್ಲದ, ಮುಖವಿಲ್ಲದ ಗಂಡಸರು ಹೆಂಗಸರ ಮೇಲೆ ಕಾರುವ ವಿಷದ ಬಗ್ಗೆ ಅದು. ಕತ್ತಲಾದ ಮೇಲೆ ಪಾರ್ಕಿನಲ್ಲಿ ಒಬ್ಬಳೇ ನಡೆದು ಹೋಗುವ ಆಸೆ, ಹೋಗಲಾರದ ಹೆದರಿಕೆ, ಬೆರಳುಗಳ ಸಂದಿಯಲ್ಲಿ ಬಿಗಿಹಿಡಿದ ಬೀಗದ ಕೈ, ಎಲ್ಲವೂ ಅಲ್ಲಿವೆ. ಗಂಡಸಿಗೆ ನಗೆಪಾಟಲಾಗುವ ಭಯ, ಹೆಂಗಸಿಗೆ ಜೀವಭಯ ಎಂಬ, ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ ಅವರದೆಂದು ಹೇಳುವ ವಿಚಾರವನ್ನು ಈ ಹಾಡು ಎತ್ತಿಕೊಂಡಿದೆ. ಆಮಿಲ್ ಅಂಡ್ ದ ಸ್ನಿಫರ್ಸ್ ಎಂಬುದು ಮೆಲ್ಬರ್ನಿನದೇ ಇನ್ನೊಂದು ತಂಡ. ಹಾಡುವವಳು ಏಮಿ ಟೇಲರ್, ವಾದ್ಯ ನುಡಿಸುವವರು ಗಂಡಸರು. 2021ರ ಇವರ 'ಕಂಫರ್ಟ್ ಟು ಮಿ' ಆಲ್ಬಮ್ಮಿನ 'ನೈಫಿ' ಎಂಬ ಹಾಡಿನಲ್ಲಿ ಒಬ್ಬ ಹೆಣ್ಣಿಗೆ ಬೇಕಾಗಿರುವುದು ಇಷ್ಟೇ: ರಾತ್ರಿ ಹೊರಗೆ ತನ್ನ ಪಾಡಿಗೆ ತಾನು ಓಡಾಡಿ, ಕ್ಷೇಮವಾಗಿ ಮನೆ ಸೇರಬೇಕು. ಅಷ್ಟಕ್ಕೆ ಅವಳು ಚಾಕು ಇಟ್ಟುಕೊಳ್ಳಬೇಕಾಗಿದೆ. ಈ ಮಾತನ್ನು ಯಾವ ರಾಗದಲ್ಲಿ, ಎಷ್ಟು ಮೆಲ್ಲಗೆ ಹಾಡಿದರೆ ನಿಮಗೆ ಹಿತವಾಗುತ್ತಿತ್ತು? ನಾನು ಕೇಳುವುದಿಷ್ಟೇ. ಬೆಂಕಿ ಬಿದ್ದ ಮನೆಯಿಂದ ಕೂಗುವವರ ಶ್ರುತಿ ಸರಿಯಿಲ್ಲ ಎಂದು ಯಾರಾದರೂ ದೂರುತ್ತಾರೆಯೇ?

ಕಿರುಚದೆಯೂ ಇದೇ ಮಾತು ಹೇಳಿದವಳಿದ್ದಾಳೆ. ಪರ್ತ್ ನಗರದ ಸ್ಟೆಲ್ಲಾ ಡಾನೆಲ್ಲಿ 2017ರಲ್ಲಿ ತಂದ 'ಬಾಯ್ಸ್ ವಿಲ್ ಬಿ ಬಾಯ್ಸ್' ಜೋಗುಳದಷ್ಟು ಮೆತ್ತಗಿದೆ. ಅತ್ಯಾಚಾರಕ್ಕೆ ಸಿಲುಕಿದ ಗೆಳತಿಯನ್ನೇ ಸುತ್ತಲಿನವರು ತಪ್ಪಿತಸ್ಥಳನ್ನಾಗಿ ಮಾಡುವುದರ ಬಗ್ಗೆ ಅದು. 2019ರ 'ಬಿವೇರ್ ಆಫ್ ದ ಡಾಗ್ಸ್' ಆಲ್ಬಮ್ಮಿನಲ್ಲೂ ಅದು ಸೇರಿದೆ. ಹುಡುಗರು ಹುಡುಗರೇ ಎಂಬುದು ಆ ಹೆಸರಿನ ಅರ್ಥ. ಈ ಮಾತು ನಮಗೇನು ಹೊಸದೇ? ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ವರ್ಷವರ್ಷವೂ ಕೇಳುವ ಮಾತು. "ಗಂಡು ಹುಡುಗರಲ್ವಾ ಮೇಡಂ, ಹಂಗೇ ಇರ್ತಾರೆ" ಎನ್ನುವ ತಾಯಿಯೇ ಮಗಳ ವಿಷಯ ಬಂದಾಗ "ಸ್ವಲ್ಪ ಬಿಗಿ ಮಾಡಿ ಮೇಡಂ" ಎನ್ನುತ್ತಾಳೆ. ಮೆಲ್ಲಗೆ ಹಾಡಿದ ಈ ಹಾಡಿನ ಎದುರು ಗದ್ದಲವೆಂಬ ದೂರು ನಿಲ್ಲುವುದಿಲ್ಲ. ಆಗ ಬೇರೆ ದೂರು ಹುಟ್ಟುತ್ತದೆ: "ಇಂಥ ವಿಷಯವನ್ನೆಲ್ಲ ಹಾಡಬೇಕೇ?" ಅಲ್ಲಿಗೆ ಗುಟ್ಟು ರಟ್ಟಾಯಿತು. ನಮ್ಮವರಿಗೆ ತಕರಾರಿರುವುದು ಶಬ್ದದ ಬಗ್ಗೆ ಅಲ್ಲ, ವಿಷಯದ ಬಗ್ಗೆ.

ಹಾಗೆಂದು ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ಯಾರೋ ರತ್ನಗಂಬಳಿ ಹಾಸಿದ್ದರು ಎಂದು ತಿಳಿಯಬೇಡಿ. ಕ್ಯಾಂಪ್ ಕೋಪ್ ಎಂಬ ಮೂವರು ಹೆಣ್ಣುಮಕ್ಕಳ ತಂಡದ ಕಥೆ ಕೇಳಿ. ಜಾರ್ಜಿಯಾ ಮ್ಯಾಕ್ ಹಾಡುಗಾರಿಕೆ ಮತ್ತು ಗಿಟಾರ್, ಕೆಲ್ಲಿ ಡಾನ್ ಹೆಲ್ಮ್‌ರಿಕ್ ಬೇಸ್ ಗಿಟಾರ್, ಸಾರಾ ಥಾಮ್ಸನ್ ಡ್ರಮ್ಸ್. ದೊಡ್ಡ ಸಭಾಂಗಣ ನಿಮಗೇಕೆ, ಚಿಕ್ಕದನ್ನು ಹಿಡಿಯಿರಿ ಎಂಬ ಬುದ್ಧಿವಾದ ಇವರಿಗೂ ತಪ್ಪಲಿಲ್ಲ. ದೊಡ್ಡ ಸಂಗೀತೋತ್ಸವಗಳಲ್ಲಿ ಗಂಡಸರ ತಂಡಗಳಿಗೆ ಮುಖ್ಯ ಹೊತ್ತು, ಹೆಣ್ಣುಮಕ್ಕಳ ತಂಡವನ್ನು ಮೊಟ್ಟಮೊದಲಿಗೆ, ಜನ ಇನ್ನೂ ಬಂದು ಸೇರುವ ಮುಂಚೆ, ಲೆಕ್ಕಕ್ಕೊಂದು ಎಂಬಂತೆ ಹಾಡಿಸಿ ಕಳಿಸುವುದು. ಇದನ್ನೇ ವಿಷಯ ಮಾಡಿಕೊಂಡು 'ದಿ ಓಪನರ್' ಎಂಬ ಹಾಡು ಬರೆದರು. 2017-18ರ ಹೊಸ ವರ್ಷದ ಫಾಲ್ಸ್ ಉತ್ಸವದಲ್ಲಿ ಅದನ್ನು ಹಾಡುವಾಗ, ಆ ಉತ್ಸವದ್ದೇ ಪಟ್ಟಿಯಲ್ಲಿ ಹೆಂಗಸರು ಕಡಿಮೆ ಎಂಬುದನ್ನು ಹಾಡಿನೊಳಗೆ ಸೇರಿಸಿ ಆ ವೇದಿಕೆಯ ಮೇಲಿಂದಲೇ ಹೇಳಿದರು. ಉಂಡ ಮನೆಗೆ ಎರಡು ಬಗೆಯುವುದು ಎಂದು ನಮ್ಮ ಹಿರಿಯರು ಇದನ್ನು ಕರೆದಾರು. ನಾನಂತೂ ಧೈರ್ಯ ಎನ್ನುತ್ತೇನೆ. 2018ರ ಮಾರ್ಚಿನಲ್ಲಿ ಆಲ್ಬಂ ಬಂತು. ಅದಕ್ಕೂ ಮೊದಲು, 2016ರಲ್ಲೇ, ಸಂಗೀತ ಕಾರ್ಯಕ್ರಮಗಳ ಗುಂಪಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈಹಾಕುವವರ ವಿರುದ್ಧ ಇವರು 'ಇಟ್ ಟೇಕ್ಸ್ ಒನ್' ಎಂಬ ಚಳವಳಿ ನಡೆಸಿದ್ದರು. ಸಣ್ಣ ಸಭಾಂಗಣ ಸಾಕೆಂದು ಹೇಳಿಸಿಕೊಂಡ ಈ ತಂಡ 2023ರಲ್ಲಿ ತನ್ನ ಕೊನೆಯ ಕಾರ್ಯಕ್ರಮ ಕೊಟ್ಟದ್ದು ಸಿಡ್ನಿಯ ಆಪೆರಾ ಹೌಸಿನಲ್ಲಿ.

ಮೊದಲು ಹಾಡಿಸಿ ಕಳಿಸುವ ಈ ಪದ್ಧತಿಯ ಬಗ್ಗೆ ಓದಿದಾಗ ನನಗೆ ನಗು ಬಂತು. ನಮ್ಮ ಸಭೆ ಸಮಾರಂಭಗಳನ್ನು ನೆನಪಿಸಿಕೊಳ್ಳಿ. ಪ್ರಾರ್ಥನೆ ಯಾರು? ಹೆಣ್ಣುಮಕ್ಕಳು. ಆರತಿ ತಟ್ಟೆ ಹಿಡಿಯುವವರು, ಹಾರದ ತಟ್ಟೆ ತರುವವರು ಯಾರು? ಹೆಣ್ಣುಮಕ್ಕಳು. ಉದ್ಘಾಟನೆ, ಅಧ್ಯಕ್ಷ ಭಾಷಣ, ಮುಖ್ಯ ಅತಿಥಿಗಳ ನಾಲ್ಕು ಮಾತು? ಅದೆಲ್ಲ ಗಂಡಸರದು. ಮೈಕು ಸರಿಮಾಡುವ ಗಲಾಟೆಯಲ್ಲಿ ಪ್ರಾರ್ಥನೆ ಮುಗಿದುಹೋಗುತ್ತದೆ. ಹೆಣ್ಣಿನ ದನಿ ಮೊದಲು ಕೇಳಿಸಿದರೆ ಅದು ಗೌರವವೆಂದು ನಾವು ನಂಬಿದ್ದೇವೆ. ಆ ಮೂವರು ಹುಡುಗಿಯರು ನಂಬಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಇನ್ನೊಂದು ಆಕ್ಷೇಪಣೆಗೆ ಬರೋಣ. ಇವರ ಬಾಯಲ್ಲಿ ಕೆಟ್ಟ ಮಾತು ಬರುತ್ತದೆ ಎನ್ನುತ್ತಾರೆ. ಬರುತ್ತದೆ, ನಿಜ. ಆಮಿಲ್ ತಂಡದ 2024ರ 'ಕಾರ್ಟೂನ್ ಡಾರ್ಕ್‌ನೆಸ್' ಆಲ್ಬಮ್ಮಿನ ಮೊದಲ ಹಾಡನ್ನು ಯಾರೂ ದೇವರ ಮನೆಯ ಪಕ್ಕ ಹಾಕಲಾರರು. ನಾನೂ ಅದನ್ನು ತರಗತಿಯಲ್ಲಿ ಹಾಕುವುದಿಲ್ಲ. ಆದರೆ ಬೈಗುಳವನ್ನು ನಾವು ಕೇಳಿಯೇ ಇಲ್ಲವೇ? ಬಸ್ ಸ್ಟ್ಯಾಂಡಿನಲ್ಲಿ, ನಲ್ಲಿಯ ಕಟ್ಟೆಯಲ್ಲಿ, ಎಷ್ಟೋ ಮನೆಗಳ ನಡುಮನೆಯಲ್ಲಿ ಹೆಂಗಸಿನ ತಲೆಯ ಮೇಲೆ ಬೀಳುವ ಮಾತುಗಳೇ ಅಲ್ಲವೇ ಅವು? ಗಂಡಸಿನ ಬಾಯಲ್ಲಿ ಬಂದಾಗ ಅದು ಸಿಟ್ಟು, ಹೆಂಗಸು ತಿರುಗಿ ಅಂದಾಗ ಅದು ಸಂಸ್ಕೃತಿಯ ನಾಶ. ಈ ಎರಡು ತಕ್ಕಡಿಯ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ.

ಸಂಗೀತವೇ ಅಲ್ಲ ಎನ್ನುವವರಿಗೂ ಒಂದು ಮಾತು. ಮೆಲ್ಬರ್ನಿನ ಗಂಡಸರ ತಂಡವೊಂದಿದೆ, ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್. ಹೆಸರು ಕೇಳಿದರೆ ಮಕ್ಕಳ ಕಥೆಯಂತಿದೆ. 2017 ಒಂದೇ ವರ್ಷದಲ್ಲಿ ಐದು ಆಲ್ಬಂ ತಂದವರು. ಅವುಗಳಲ್ಲಿ ಮೊದಲನೆಯ 'ಫ್ಲೈಯಿಂಗ್ ಮೈಕ್ರೋಟೋನಲ್ ಬನಾನಾ'ಕ್ಕಾಗಿ ಗಿಟಾರಿಗೆ ಹೆಚ್ಚಿನ ಮೆಟ್ಟುಗಳನ್ನು ಕೂರಿಸಿ, ಪಾಶ್ಚಾತ್ಯರ ಹನ್ನೆರಡು ಸ್ವರಸ್ಥಾನಗಳ ನಡುವೆ ಅಡಗಿರುವ ಸೂಕ್ಷ್ಮ ಸ್ವರಗಳನ್ನು ಹುಡುಕಿ ಹೊರಟರು. ತುರ್ಕಿಯ ಬಗ್ಲಮಾ ಎಂಬ ತಂತಿವಾದ್ಯ ಅದಕ್ಕೆ ಪ್ರೇರಣೆ. ಇಪ್ಪತ್ತೆರಡು ಶ್ರುತಿಗಳ ಬಗ್ಗೆ ಹೆಮ್ಮೆಪಡುವ ನಾವು ಈ ಹುಡುಕಾಟವನ್ನು ಗದ್ದಲವೆಂದು ತಳ್ಳಿಹಾಕುವುದು ಯಾವ ನ್ಯಾಯ? ಅದೇ ವರ್ಷದ ಕೊನೆಯಲ್ಲಿ ಬಂದ 'ಪಾಲಿಗೊಂಡ್ವಾನಾಲ್ಯಾಂಡ್' ಆಲ್ಬಮ್ಮನ್ನು ಅವರು ಪುಕ್ಕಟೆಯಾಗಿ ಕೊಟ್ಟು, ಯಾರು ಬೇಕಾದರೂ ಅದರ ಧ್ವನಿಮುದ್ರಿಕೆ ತಯಾರಿಸಿಕೊಳ್ಳಿ ಎಂದುಬಿಟ್ಟರು. ಕೋರ್ಟ್ನಿ ಬಾರ್ನೆಟ್ ಕೂಡ 2012ರಲ್ಲಿ ತಾನೇ 'ಮಿಲ್ಕ್' ಎಂಬ ಪುಟ್ಟ ಧ್ವನಿಮುದ್ರಿಕೆ ಸಂಸ್ಥೆ ಕಟ್ಟಿ 2023ರವರೆಗೆ ನಡೆಸಿದಳು. ಇಂಡಿ ಎಂದರೆ ಇದೇ, ದೊಡ್ಡ ಕಂಪನಿಯ ಹಂಗಿಲ್ಲದೆ ತನ್ನ ಕೈಯಡುಗೆಯನ್ನು ತಾನೇ ಬಡಿಸುವುದು. ಹಪ್ಪಳ ಸಂಡಿಗೆ ಮಾಡಿ ಮಾರಿ ಮಕ್ಕಳನ್ನು ಓದಿಸಿದ ಹೆಂಗಸರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು "ಮಕ್ಕಳು ಕೆಟ್ಟುಹೋಗುತ್ತಾರೆ" ಎಂಬ ಬ್ರಹ್ಮಾಸ್ತ್ರ. ಶಾಲೆಯಲ್ಲೇ ಆಯುಷ್ಯ ಕಳೆದವಳಾದ್ದರಿಂದ ಇದಕ್ಕೆ ಉತ್ತರಿಸುವ ಹಕ್ಕು ನನಗಿದೆ. ಆಸ್ಟ್ರೇಲಿಯಾದ ಮೂಲನಿವಾಸಿ ಯೊಲ್ಂಗು ಜನರ ಯೊತು ಯಿಂಡಿ ತಂಡ 1991ರಲ್ಲಿ 'ಟ್ರೀಟಿ' ಎಂಬ ಹಾಡು ತಂದಿತು. ಮೂಲನಿವಾಸಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತೇವೆಂದು 1988ರಲ್ಲಿ ಪ್ರಧಾನಿ ಬಾಬ್ ಹಾಕ್ ಕೊಟ್ಟ ಮಾತು ಏನಾಯಿತು ಎಂದು ಕೇಳುವ ಹಾಡು. ಇಂಗ್ಲಿಷಿನ ಜೊತೆ ತಮ್ಮ ಗುಮಾಜ್ ನುಡಿಯನ್ನೂ ಸೇರಿಸಿ ಹಾಡಿದರು. ತಂಡದ ಮುಂದಾಳು ಮಂಡವುಯ್ ಯುನುಪಿಂಗು ಯಾರು ಗೊತ್ತೇ? ಯಿರ್ಕಲಾ ಎಂಬ ಊರಿನ ಶಾಲೆಯ ಹೆಡ್ ಮಾಸ್ತರು! ಮಕ್ಕಳಿಗೆ ತಾಯ್ನುಡಿಯೂ ಬೇಕು, ಇಂಗ್ಲಿಷೂ ಬೇಕು ಎಂದು ದುಡಿದವರು. ರಾಕ್ ಅವರನ್ನು ಕೆಡಿಸಲಿಲ್ಲ. ಶಾಲೆಯ ಗೋಡೆಯೊಳಗೆ ಹೇಳುತ್ತಿದ್ದುದನ್ನು ದೇಶಕ್ಕೇ ಹೇಳುವ ಮೈಕು ಅವರಿಗೆ ಸಿಕ್ಕಿತು. ಆ ಒಪ್ಪಂದವನ್ನು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಇನ್ನೂ ಮಾಡಿಲ್ಲ. ಕೂಗಿದ್ದು ಹೆಚ್ಚಾಯಿತು ಎನ್ನುವಿರೋ, ಸಾಲಲಿಲ್ಲ ಎನ್ನುವಿರೋ?

ಅಮೆರಿಕದ ಲಾಸ್ ಏಂಜಲೀಸಿನ ನಾಲ್ವರು ಹುಡುಗಿಯರ ಲಿಂಡಾ ಲಿಂಡಾಸ್ ತಂಡವನ್ನೂ ಇಲ್ಲಿ ಹೆಸರಿಸಬೇಕು. 2021ರ ಮೇ ತಿಂಗಳಲ್ಲಿ ಅವರು ಊರಿನ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳ ನಡುವೆ ನಿಂತು ಹಾಡಿದರು. ಡ್ರಮ್ಸ್ ಬಾರಿಸುತ್ತಿದ್ದ ಹುಡುಗಿಗೆ ಹತ್ತು ವರ್ಷ. ಚೀನೀಯರಿಂದ ದೂರವಿರು ಎಂದು ತನ್ನಪ್ಪ ಹೇಳಿದ್ದಾನೆಂದು ಸಹಪಾಠಿಯೊಬ್ಬ ಅವಳಿಗೆ ಹೇಳಿದ್ದ. ನಾನೂ ಚೀನೀಯಳೇ ಎಂದಾಗ ಹಿಂದೆ ಸರಿದಿದ್ದ. ಆ ಮಗು ಅಳುತ್ತ ಮೂಲೆ ಸೇರಲಿಲ್ಲ, ಹಾಡು ಕಟ್ಟಿತು. ಆ ಹಾಡು ಲೋಕವೆಲ್ಲ ಸುತ್ತಿತು. 2022ರಲ್ಲಿ ಅವರ ಮೊದಲ ಆಲ್ಬಂ ಬಂತು, 2024ರಲ್ಲಿ ಎರಡನೆಯದು. ಜಾತಿಯ ಹೆಸರಲ್ಲಿ, ಬಣ್ಣದ ಹೆಸರಲ್ಲಿ ಬೆಂಚಿನ ತುದಿಗೆ ಸರಿಸಲ್ಪಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. "ಹೋಗಲಿ ಬಿಡಮ್ಮ, ದೊಡ್ಡದು ಮಾಡಬೇಡ" ಎನ್ನುವುದೇ ಅಂಥ ಮಕ್ಕಳಿಗೆ ದೊಡ್ಡವರು ಕೊಡುವ ಔಷಧಿ. ದೊಡ್ಡದು ಮಾಡದೆ ಯಾವ ನೋವು ತಾನೇ ವಾಸಿಯಾಗಿದೆ?

ಸಂಜೆ ಟೀವಿಯಲ್ಲಿ ಅತ್ತೆ ಸೊಸೆಯರ ಕಿರುಚಾಟವನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಗಣಪತಿ ಕೂರಿಸಿದ ಹತ್ತು ದಿನ ಧ್ವನಿವರ್ಧಕದ ಅಬ್ಬರವನ್ನು ತಾಳಿಕೊಳ್ಳುತ್ತೇವೆ. ಚುನಾವಣೆಯ ಭಾಷಣಗಳನ್ನಂತೂ ಕೇಳಲೇಬೇಕು. ಆಗ ಕಿವಿಗೆ ಆಗದ ಕೇಡು, ಹೆಣ್ಣೊಬ್ಬಳು ಗಿಟಾರ್ ಹಿಡಿದು ತನ್ನ ಸಿಟ್ಟು ಹೇಳಿಕೊಂಡಾಗ ಮಾತ್ರ ಆಗುತ್ತದೆಯೇ?

ಓದುಗ ತಾಯಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮನೆಯಲ್ಲಿ ಮಗಳೋ ಸೊಸೆಯೋ ಇಂಥದ್ದೇನಾದರೂ ಕೇಳುತ್ತಿದ್ದರೆ "ಆರಿಸೇ ಅದನ್ನ" ಎನ್ನುವ ಮೊದಲು ಪಕ್ಕದಲ್ಲಿ ಕೂತು ಒಂದು ಆಲ್ಬಮ್ಮನ್ನಾದರೂ ಮೊದಲಿಂದ ಕೊನೆಯವರೆಗೆ ಕೇಳಿ. ಬರೀ ಒಂದು ಹಾಡಿನಿಂದ ತೀರ್ಪು ಬೇಡ. ಒಂದು ಅಗುಳು ಹಿಸುಕಿ ನೋಡುವುದು ಅನ್ನಕ್ಕೆ ಸರಿ, ಆಲ್ಬಮ್ಮಿಗಲ್ಲ. ಅರ್ಥವಾಗದಿದ್ದರೆ ಅವಳನ್ನೇ ಕೇಳಿ, ಹೇಳಿಕೊಡುತ್ತಾಳೆ. ಕೇಳಿದ ಮೇಲೂ ಹಿಡಿಸದಿದ್ದರೆ ಬಿಡಿ, ಎಲ್ಲರಿಗೂ ಎಲ್ಲವೂ ಹಿಡಿಸಬೇಕೆಂದಿಲ್ಲ. ಆದರೆ "ಹೆಣ್ಣಾಗಿ ಹೀಗೆ ಕಿರುಚುವುದೇ?" ಎಂದು ಮಾತ್ರ ಕೇಳಬೇಡಿ. ಮೆಲ್ಲಗೆ ಹೇಳಿದಾಗ ಯಾರು ಕೇಳಿಸಿಕೊಂಡರು ಎಂದು ಅವಳು ತಿರುಗಿ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.