ಗೊತ್ತಿರುವವರೇ, ಸುಮ್ಮನಿರಬೇಡಿ

ನಿಮಗೆ ಗೊತ್ತಿದೆ. 2012ರ ನವೆಂಬರಿನಲ್ಲಿ ಶಿವಸೇನೆಯ ನಾಯಕ ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಾಗಿಲು ಹಾಕಿಕೊಂಡಿತು. ಹೀಗೇಕೆ ಎಲ್ಲ ಬಂದ್ ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದ ಪಾಲ್ಘರಿನ ಹುಡುಗಿಯನ್ನೂ, ಆ ಮಾತಿಗೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದನ್ನು, ಕೇಳಿದವಳ ಬಂಧುವೊಬ್ಬರ ಆಸ್ಪತ್ರೆಗೆ ಗುಂಪು ನುಗ್ಗಿ ಪುಡಿಗಟ್ಟಿದ್ದನ್ನು ನೀವು ಮರುದಿನದ ಪತ್ರಿಕೆಯಲ್ಲಿ ಓದಿದಿರಿ, ಮರುಗಿದಿರಿ, ಪಾಪ ಎಂದಿರಿ. ಆಮೇಲೆ ಪುಟ ತಿರುವಿದಿರಿ.

ಆ ಹುಡುಗಿಯರನ್ನು ಹಿಡಿಸಿದ ಕಾನೂನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ಮುಂಬೈ ದಾಳಿಯ ಗಾಯ ಇನ್ನೂ ಹಸಿಯಾಗಿದ್ದ 2008ರ ಡಿಸೆಂಬರಿನಲ್ಲಿ ಲೋಕಸಭೆ ಚರ್ಚೆಯೆಂಬುದೇ ಇಲ್ಲದೆ ಒಪ್ಪಿಗೆ ಕೊಟ್ಟ ತಿದ್ದುಪಡಿಯಲ್ಲಿ ಅದೂ ಇತ್ತು. ಕಿರಿಕಿರಿಯಾಗುವಂಥ, ಅನನುಕೂಲವಾಗುವಂಥ ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಸೆರೆವಾಸ! ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ, ಅಳೆಯುವವರು ಯಾರು? ಕೋಲ್ಕತ್ತದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ 2012ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಮಿಂಚಂಚೆಯಲ್ಲಿ ಮುಂದಕ್ಕೆ ಕಳಿಸಿದರು, ಅಷ್ಟೇ. ಅವರ ಮೇಲಿನ ಮೊಕದ್ದಮೆ ಕೊನೆಗೊಂಡಿದ್ದು 2023ರ ಜನವರಿಯಲ್ಲಿ. ಜತೆಗೆ ಬಂಧನಕ್ಕೊಳಗಾದ ವಯಸ್ಸಾದ ನೆರೆಯವರು ಆ ದಿನ ನೋಡಲು ಉಳಿದಿರಲಿಲ್ಲ. (ಯಾವ ಪಕ್ಷ ಎಂದು ಕೇಳಬೇಡಿ, ಈ ಓಟದಲ್ಲಿ ಯಾರೂ ಹಿಂದೆ ಬಿದ್ದವರಲ್ಲ.)

ನಿಮಗೆ ಗೊತ್ತಿದೆ, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 66ಎ ಕಲಮನ್ನು ಪೂರ್ತಿ ರದ್ದು ಮಾಡಿತು. ಹೋಯಿತು ಪೀಡೆ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಪೀಡೆ ಹೋಗಿರಲಿಲ್ಲ. ಆರು ವರ್ಷದ ಮೇಲೆ, 2021ರಲ್ಲಿ, ಹನ್ನೊಂದು ರಾಜ್ಯಗಳ ಜಿಲ್ಲಾ ನ್ಯಾಯಾಲಯಗಳಲ್ಲಿ ಅದೇ ಸತ್ತ ಕಲಮಿನ 745 ಪ್ರಕರಣಗಳು ಇನ್ನೂ ನಡೆಯುತ್ತಿವೆ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕೋರ್ಟಿನ ಮುಂದಿಟ್ಟಿತು. ಇದನ್ನು ಕೈಬಿಡಿ ಎಂದು ಕೋರ್ಟು 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಅಷ್ಟು ವರ್ಷ ವಾಯಿದೆಯಿಂದ ವಾಯಿದೆಗೆ ಬಸ್ಸು ಹತ್ತಿ, ವಕೀಲರ ಫೀಸಿಗೆ ಕೈಸಾಲ ಮಾಡಿ, ಕಟಕಟೆಯ ಪಕ್ಕ ಕೈಕಟ್ಟಿ ನಿಂತವರಿಗೆ, ಸ್ವಾಮಿ ಈ ಕಾನೂನೇ ಈಗ ಇಲ್ಲ ಎಂದು ಹೇಳಲು ಯಾರೂ ಸಿಗಲಿಲ್ಲವೇ? ಗೊತ್ತಿದ್ದವರು ಎಲ್ಲಿದ್ದೆವು?

ದೂರದ ಮಾತು ಎನ್ನಬೇಡಿ. 2017ರ ಮೇ ತಿಂಗಳಲ್ಲಿ ನಮ್ಮ ಮುರ್ಡೇಶ್ವರದ ಕಡೆಯ ಆಟೊ ಚಾಲಕರೊಬ್ಬರು, ಪ್ರಧಾನಿಯ ತಿರುಚಿದ ಚಿತ್ರ ಹರಿದಾಡಿದ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಎಂಬ ಕಾರಣಕ್ಕೆ ಬಂಧನಕ್ಕೊಳಗಾದರು. ದೊಡ್ಡವರ ಮನೆಗೆ ಪೊಲೀಸರು ಬರುವ ಮುಂಚೆ ವಕೀಲರು ಬಂದಿರುತ್ತಾರೆ. ದಿನದ ದುಡಿಮೆಯಲ್ಲಿ ಬದುಕುವವನಿಗೆ ಒಂದು ವಾರದ ಸೆರೆಯೆಂದರೆ ಕಂತು ಕಟ್ಟದ ಗಾಡಿ, ಅಂಗಡಿಯ ಉದ್ರಿ, ಊರಿನಲ್ಲಿ ಕೆಟ್ಟ ಹೆಸರು. ಜಪ್ತಿಯಾದ ಫೋನಿನ ಜತೆ ಗಿರಾಕಿಗಳ ನಂಬರು, ಹಣದ ವ್ಯವಹಾರ, ಮಕ್ಕಳ ಫೋಟೊ ಎಲ್ಲ ಹೋದವು. ತೀರ್ಪು ಬರುವುದಕ್ಕೆ ಎಷ್ಟೋ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಅದಾದ ಮೇಲೆ ಆ ಕೇರಿಯಲ್ಲಿ ನೀರು ಬರದಿದ್ದರೂ, ರೇಷನ್ ಕಡಿಮೆ ತೂಗಿದರೂ ಯಾರು ಬರೆಯುತ್ತಾರೆ?

ಮತ್ತೆ ಆ ಫೋನು. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕೇ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅದನ್ನು ಕೇಳಿ ಪಡೆದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಮನೆಯಲ್ಲಿ ಮೊಮ್ಮಕ್ಕಳ ಜತೆ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಗೆದ್ದುಕೊಟ್ಟದ್ದನ್ನು ನಾವು ಹೇಗೆ ಕಾದೆವು? 2021ರಲ್ಲಿ ಹೈದರಾಬಾದಿನ ಬೀದಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ, ಅವರ ವಾಟ್ಸ್‌ಆ್ಯಪಿನಲ್ಲಿ ಗಾಂಜಾ ಎಂಬ ಮಾತು ಇದೆಯೇ ಎಂದು ಪೊಲೀಸರು ಹುಡುಕಿದರು. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಸರ್ಕಾರ ತನ್ನ ಸಂಸ್ಥೆಗಳಿಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುವ ದಾರಿ ಇಟ್ಟುಕೊಂಡಿತು. ಮುಚ್ಚಿಡಲು ನನ್ನಲ್ಲೇನಿದೆ ಎಂದಿರಿ ನೀವು. ನಿಮ್ಮಲ್ಲಿ ಇಲ್ಲದಿರಬಹುದು. ಗಂಡನ ಹೊಡೆತ ತಾಳದೆ ಅಕ್ಕನಿಗೆ ಗುಟ್ಟಾಗಿ ಸಂದೇಶ ಬರೆಯುವವಳಲ್ಲಿ ಇದೆ. ಜಾತಿ ಮೀರಿ ಒಲಿದ ಇಬ್ಬರಲ್ಲಿ ಇದೆ. ಕಚೇರಿಯ ಲಂಚದ ಕಾಗದವನ್ನು ಪತ್ರಕರ್ತರಿಗೆ ಕಳಿಸುವ ಗುಮಾಸ್ತನಲ್ಲಿ ಇದೆ.

ಅಪರಾಧ ಸುಳ್ಳಲ್ಲ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಮುದುಕರ ಉಳಿತಾಯ ದೋಚುವವರು, ಹೆಣ್ಣುಮಕ್ಕಳ ಚಿತ್ರ ತಿರುಚಿ ಬೆದರಿಸುವವರು ಸಿಗಬೇಕು, ಶಿಕ್ಷೆಯಾಗಬೇಕು. ಆದರೆ 2025ರ ಜೂನಿನಲ್ಲಿ ನಮ್ಮದೇ ರಾಜ್ಯದಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ನೋಡಿದಿರಲ್ಲ? ಏಳು ವರ್ಷದವರೆಗೆ ಜೈಲು, ಸುಳ್ಳು ಸುದ್ದಿ ನಿಯಂತ್ರಿಸುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು. ಇಂದು ನೀವು ಮೆಚ್ಚುವ ಸಚಿವರೇ ಇರಲಿ. ನಾಳೆ ಆ ಕುರ್ಚಿಯಲ್ಲಿ ಯಾರು?

ನಿಮಗೆ ಗೊತ್ತಿದೆ, ಅದಕ್ಕೇ ನಿಮ್ಮನ್ನೇ ಬೇಡುತ್ತಿದ್ದೇನೆ. ಮುಂದಿನ ಕರಡು ಬಂದಾಗ ಓದಿ. ಯಾರ ಮೇಲಾದರೂ ಎಳೆದು ಹಾಕಬಹುದಾದ ಸಡಿಲ ಪದ ಎಲ್ಲಿದೆ ಎಂದು ಗೆರೆ ಹಾಕಿ, ಶಾಸಕರಿಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ವಕೀಲರಾಗಿದ್ದರೆ ಇಂಥ ಒಂದು ಪ್ರಕರಣವನ್ನಾದರೂ ಫೀಸಿಲ್ಲದೆ ಹಿಡಿಯಿರಿ. ನಿಮ್ಮ ಬೀದಿಯ ಹುಡುಗನನ್ನು ಒಂದು ಪೋಸ್ಟಿಗಾಗಿ ಠಾಣೆಗೆ ಕರೆದರೆ, ಅವನ ಮಾತು ನಿಮಗೆ ಹಿಡಿಸದಿದ್ದರೂ, ಜತೆಗೆ ಹೋಗಿ. ಯಾವ ಸೆಕ್ಷನ್ ಸರ್ ಎಂದು ಮೆಲ್ಲಗೆ ಕೇಳಿ. ಫೋನ್ ತೆಗೆದುಕೊಂಡರೆ ಪಂಚನಾಮೆ ಕೇಳಿ. ಅವನ ತಾಯಿ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ. ಒಳಗೆ ಏನು ನಡೆಯುತ್ತಿದೆಯೆಂದು ಅವರಿಗೆ ತಿಳಿಸಿ ಹೇಳಿ.